ರಸ್ತೆಯದು, ಅಂದೆ

ಐವತ್ತು ದಾಟಿದರೆ ಮೈಯೆಲ್ಲ ನಡುಗುತ್ತೆ ಇದಕ್ಕೆ
ಅಂತ ಎರಡು ವರ್ಷದಿಂದ ಹೇಳುತ್ತಿದ್ದ ಅಣ್ಣ.
ಎಪ್ಪತ್ತೆಂಟರ ಫೋರ್ಡು. ನಾಲ್ಕೂ ಚಕ್ರಕ್ಕೆ ಜೀವ.
ಹಸಿರು ಬಣ್ಣ ಬಾಗಿಲ ಸಂದಿಯಲ್ಲಷ್ಟೇ ಉಳಿದಿದೆ,
ಮಿಕ್ಕಿದ್ದನ್ನು ನೆವಾಡದ ಬಿಸಿಲು ತಿಂದು
ಮೇಲೆ ಚೌಳುಮಣ್ಣು ಬಳಿದಿದೆ.

ಬೆಟ್ಟದ ಕುರಿಮಂದೆಗೆ ನೀರು ಹೊರುವ ಗಾಡಿ.
ಹಿಂದೆ ಇನ್ನೂರು ಗ್ಯಾಲನ್ನಿನ ಟ್ಯಾಂಕು,
ಮುಂದೆ ಬೆನ್ಯಾತ್, ಈಚೆ ನಾನು, ನಡುವೆ ನಾಯಿ.
ದನ ದಾಟದಂತೆ ಹಾಸಿದ ಕಂಬಿಗಳ ಮೇಲೆ
ಹಾದ ಕೂಡಲೇ ಸ್ಟೀರಿಂಗು
ರೆಕ್ಕೆ ಹಿಡಿದ ಕೋಳಿಯ ಹಾಗೆ ಒದ್ದಾಡುತ್ತಿತ್ತು.
ಎರಡೂ ಕೈಯಲ್ಲಿ ಅದುಮಿ
ಬಾಸ್ಕ್ ಭಾಷೆಯಲ್ಲಿ ಅದರ ವಂಶವನ್ನೆಲ್ಲ ನೆನೆಯುತ್ತಿದ್ದ ಅಣ್ಣ.
(ಬೈಗುಳಕ್ಕೆ ಮಾತ್ರ ನಮಗಿಬ್ಬರಿಗೂ ಆ ಭಾಷೆ ಉಳಿದಿದೆ.)

ಎಲ್ಕೊದ ಅಂಗಡಿಯ ಹುಡುಗಿ ಡಬ್ಬ ಕೊಡುತ್ತ ಅಂದಳು:
ಸ್ಟೆಬಿಲೈಸರ್ ಕಾಯಿಲೆ ವಾಸಿ ಮಾಡಲ್ಲ, ಮುಚ್ಚುತ್ತೆ ಅಷ್ಟೇ.
ಬುಶ್ಶು ಸವೆದಿದೆಯಾ ನೋಡಿ,
ಬಾಲ್ ಜಾಯಿಂಟು ಅಲುಗುತ್ತಾ ನೋಡಿ.
ನೋಡಿದೆ. ಸರಳಿಟ್ಟು ಮೀಟಿ ನೋಡಿದೆ.
ಎಲ್ಲ ಬಿಗಿ. ಹೋದ ಚಳಿಗಾಲ ನಾನೇ ಹಾಕಿದ್ದು.

ರಟ್ಟು ಹಾಸಿಕೊಂಡು ಕೆಳಗೆ ಜಾರಿದೆ.
ಹಿಂದಿನ ರಾತ್ರಿಯೇ ನಟ್ಟಿಗೆ ಎಣ್ಣೆ ಕುಡಿಸಿದ್ದೆ,
ಆದರೂ ಜಪ್ಪಯ್ಯ ಅಂದರೂ ಕದಲಲಿಲ್ಲ.
ಪಿನ್ನು ಎಳೆದರೆ ಅರ್ಧ ಕೈಗೆ ಬಂತು,
ಅರ್ಧ ತುಕ್ಕಾಗಿ ಕಣ್ಣಿಗೆ ಬಂತು.
ಕೊನೆಗೆ ಸುತ್ತಿಗೆ.
ಬೋಲ್ಟಿನ ತಲೆಗೆ ಹೊಡೆಯಬಾರದು,
ಅದು ಕಚ್ಚಿಕೊಂಡ ಬಳೆಯ ಪಕ್ಕಕ್ಕೆ ಹೊಡೆಯಬೇಕು,
ಎರಡೇ ಏಟು, ಮನಸ್ಸಿಟ್ಟು.
ಇದನ್ನು ಕಲಿಸಿದವನು ಅಣ್ಣ,
ನನಗಾಗ ಹನ್ನೊಂದು ವರ್ಷ.

ಇವತ್ತು ಅವನು ಟಾರ್ಚು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ.
ಬೆಳಕು ನಟ್ಟಿನ ಮೇಲೆ ನಿಲ್ಲಲೊಲ್ಲದು.
ಸ್ಪ್ರಿಂಗಿಗೆ ಹೋಯಿತು, ನನ್ನ ಗಲ್ಲಕ್ಕೆ ಬಂತು,
ಮತ್ತೆ ನಟ್ಟು, ಮತ್ತೆ ಸ್ಪ್ರಿಂಗು.
ನೆಟ್ಟಗೆ ಹಿಡಿಯೋ, ಅಂದೆ.
ಹಿಡಿದೇ ಇದ್ದೀನಲ್ಲ, ಅಂದ.

ಆಮೇಲೆ ನಾನು ಕೇಳಲಿಲ್ಲ.
ಕತ್ತಲಲ್ಲೇ ಬೆರಳಿಂದ ಹುಡುಕಿ ಬಿಚ್ಚಿದೆ.

ಹಳೆಯದನ್ನು ಅಂಗೈಯಲ್ಲಿ ಒತ್ತಿದರೆ ಒಳಗೆ ಹೋಗಿ
ಅಲ್ಲೇ ಕೂತಿತು, ಕರೆದರೂ ಬರದವರ ಹಾಗೆ.
ಬಾಯಂಚಲ್ಲಿ ಕಪ್ಪು ಎಣ್ಣೆ.
ಹೊಸದರ ಪಟ್ಟಿ ಕತ್ತರಿಸಿದಾಗ
ಬಿಸಿಲಲ್ಲಿ ಮೈಮುರಿಯುವ ಬೆಕ್ಕಿನಂತೆ
ತಾನಾಗಿ, ಅವಸರವಿಲ್ಲದೆ, ಉದ್ದವಾಯಿತು.
ಎರಡೂ ತುದಿ ಬಿಗಿದೆ. ಹೊಸ ಪಿನ್ನು ಹಾಕಿ ಮಡಚಿದೆ.
ಅಣ್ಣ ಮೇಲೆ ಕೂತು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿದ.
ಎಲ್ಲೂ ತಾಗಲಿಲ್ಲ.

ಮಧ್ಯಾಹ್ನ ನೀರು ತುಂಬಿಸಿ ಹೊರಟೆವು.
ಕೌಂಟಿಯವರು ಸೋಮವಾರವಷ್ಟೇ ಕೆರೆದು ಹದ ಮಾಡಿದ ರಸ್ತೆ,
ರೊಟ್ಟಿ ತಟ್ಟುವ ಹಲಗೆಯ ಹಾಗಿತ್ತು.
ಕಂಬಿಗಳು ಬಂದವು. ನಾಯಿ ಅಭ್ಯಾಸದಿಂದ ಮುದುಡಿತು.
ದಡದಡ ಅಂತ ದಾಟಿತು ಗಾಡಿ, ಸ್ಟೀರಿಂಗು ಮಿಸುಕಲಿಲ್ಲ.
ಐವತ್ತು. ಐವತ್ತೈದು.
ಎಡಗೈ ಒಂದೇ ಸಾಕಾಗಿತ್ತು ಅಣ್ಣನಿಗೆ,
ಇಷ್ಟು ವರ್ಷಕ್ಕೆ ಮೊದಲ ಸಲ.

ಕೆಲಸ ಕಳೆದುಕೊಂಡ ಬಲಗೈ ಬಂದು ತೊಡೆಯ ಮೇಲೆ ಕೂತಿತು.
ಹೆಬ್ಬೆರಳು ತೋರುಬೆರಳಿನ ಮೇಲೆ
ಸಣ್ಣಗೆ, ಬಿಡದೆ, ಉರುಟತೊಡಗಿತು,
ಕಾಗದದಲ್ಲಿ ತಂಬಾಕು ಸುತ್ತುವ ಹಾಗೆ.
ಅವನು ತಂಬಾಕು ಬಿಟ್ಟು ಒಂಬತ್ತು ವರ್ಷ.

ನಾಯಿ ಆ ಕೈಯನ್ನು ಮೂಸಿ ನೋಡಿತು.
ನಾನು ಕಿಟಕಿಯಾಚೆ ಸೇಜ್ ಪೊದೆಗಳನ್ನು ಎಣಿಸಿದೆ.
ಬಹಳ ಹೊತ್ತಿನ ಮೇಲೆ, ಎದುರು ನೋಡುತ್ತಲೇ,
ಇನ್ನೂ ಸ್ವಲ್ಪ ನಡುಗುತ್ತೆ ಅಲ್ವಾ, ಅಂದ.

ರಸ್ತೆಯದು, ಅಂದೆ.

ಹಿಂದೆ, ಟ್ಯಾಂಕಿನ ಪಕ್ಕ, ಹಳೆಯದು ಉರುಳುತ್ತಿತ್ತು
ತಿರುವಿಗೊಂದು ಸದ್ದು ಮಾಡುತ್ತ.
ಇನ್ನೂ ಹನ್ನೆರಡು ಮೈಲಿ ಇತ್ತು.
ಕುರಿಗಳು ಕಾಯುತ್ತಿದ್ದವು.